ಪೈಲ್ವಾನನ ಅರ್ಧ ಬಲ ಎಲ್ಲಿ ಹೋಯಿತು?

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಇದನ್ನು ನಾನು ಚೆನ್ನಾಗಿ ಹೇಳುವುದಿಲ್ಲ. ಈವರೆಗೆ ಕನ್ನಡದಲ್ಲಿ ನಾನು ಬರೆದದ್ದೆಂದರೆ ಶಾಲೆಯ ರಜಾ ಅರ್ಜಿ, ಅತ್ತೆಗೆ ವಾಟ್ಸಾಪ್ ಸಂದೇಶ, ಅಷ್ಟೇ. ಜನ ನಗಬೇಕಾದ ಜಾಗದಲ್ಲಿ ನಾನು ವಿವರಣೆ ಕೊಡುತ್ತ ಕೂರುತ್ತೇನೆ ಎಂದು ಹೆಂಡತಿಯ ದೂರು. ಆದರೆ ನಮ್ಮ ಆಫೀಸಿನಲ್ಲಿ ಇಂಥವು ಎಷ್ಟು ನಡೆಯುತ್ತವೆಂದರೆ, ಬರೆದಿಡದಿದ್ದರೆ ಮುಂದೆ ನಾನೇ ನಂಬಲಾರೆ.

ಹಿನ್ನೆಲೆ ಸ್ವಲ್ಪ ಬೇಕು. ಹೆಂಡತಿಗೆ ಬ್ಯಾಂಕಿನಲ್ಲಿ ಕೆಲಸ. ಉಡುಪಿಯಿಂದ ಕೋಲ್ಕತ್ತಕ್ಕೆ ವರ್ಗವಾದಾಗ ನಾನಿದ್ದ ಕೆಲಸ ಬಿಟ್ಟು ಅವಳ ಜೊತೆ ಬಂದೆ. ಒಂದು ವರ್ಷ ಮನೆಯಲ್ಲಿ ಕೂತು, ಸಾಸಿವೆ ಎಣ್ಣೆಯಲ್ಲಿ ಒಗ್ಗರಣೆ ಹಾಕಿದರೆ ಏನಾಗುತ್ತದೆ ಎಂಬುದನ್ನೆಲ್ಲ ಕಲಿತೆ. ಕೊನೆಗೆ ನಲವತ್ತಮೂರನೆಯ ವಯಸ್ಸಿನಲ್ಲಿ ಸೆಕ್ಟರ್ ಫೈವ್‌ನ ಸಣ್ಣ ವಿಡಿಯೋ ಗೇಮ್ ಕಂಪನಿಯೊಂದು ನನ್ನನ್ನು ಆರು ತಿಂಗಳ ಮಟ್ಟಿಗೆ ತೆಗೆದುಕೊಂಡಿತು. ಆಟದೊಳಗಿನ ಪೈಲ್ವಾನನಿಗೆ ಎಷ್ಟು ಬಲ, ರಾಕ್ಷಸನಿಗೆ ಎಷ್ಟು ಜೀವ, ಆ ಲೆಕ್ಕ ಬರೆಯುವುದು ನನ್ನ ಕೆಲಸ. ಮೊದಲ ದಿನವೇ ನಮ್ಮ ಬಾಸ್ (ಎಲ್ಲರೂ ‘ದಾದಾ’, ಅಂದರೆ ಅಣ್ಣ, ಎನ್ನುತ್ತಾರೆ, ನನಗಿಂತ ಹನ್ನೊಂದು ವರ್ಷ ಚಿಕ್ಕವರು, ನಾನೂ ದಾದಾ ಎನ್ನುತ್ತೇನೆ) ಹೇಳಿದರು: “ಆರು ತಿಂಗಳಾದ ಮೇಲೆ ಆಟ ಕೊಳ್ಳುವವರು ನೋಡಲು ಬರುತ್ತಾರೆ. ಆ ದಿನ ಲೆಕ್ಕ ಸರಿ ಇದ್ದರೆ ಕೆಲಸ ಕಾಯಂ, ಪತ್ರ ಕೈಗೆ. ಇಲ್ಲದಿದ್ದರೆ ಮನೆಗೆ.” ಹಿಂದಿಯಲ್ಲಿ ಹೇಳಿದ್ದರಿಂದ ಇನ್ನೂ ಖಾರವಾಗಿ ಕೇಳಿಸಿತು.

ಮಂಕಿ ಕ್ಯಾಪ್

ನಮ್ಮ ಪೈಲ್ವಾನನಿಗೆ ಮಂಕಿ ಕ್ಯಾಪ್ ಇದೆ. ಕಿವಿ, ಗದ್ದ ಎಲ್ಲ ಮುಚ್ಚುವ ಉಣ್ಣೆಯ ಟೋಪಿ. ಇಲ್ಲಿ ನವೆಂಬರ್ ಬಂತೆಂದರೆ ಇಡೀ ಊರೇ ಅದರೊಳಗೆ ಹೋಗುತ್ತದೆ. ಅದನ್ನು ಹಾಕಿದರೆ ಹತ್ತನೇ ಒಂದು ಪಾಲು ಬಲ ಹೆಚ್ಚಬೇಕು, ತೆಗೆದರೆ ಅಷ್ಟೇ ಇಳಿಯಬೇಕು. ಹದಿನೈದು ಬಲವಿದ್ದವನಿಗೆ ಒಂದೂವರೆ ಹೆಚ್ಚಬೇಕು. ಆದರೆ ಆಟಕ್ಕೆ ಪೂರ್ಣ ಸಂಖ್ಯೆಯೇ ಬೇಕು. ಹಾಕುವ ಸಾಲಿನಲ್ಲಿ ನಾನು ಅರ್ಧವನ್ನು ಬಿಟ್ಟೆ. ಒಂದು ಹೆಚ್ಚಿ ಹದಿನಾರಾಯಿತು. ತೆಗೆಯುವಾಗ ಹದಿನಾರರ ಹತ್ತನೇ ಒಂದು ಪಾಲು, ಒಂದೂವರೆಗಿಂತ ಚೂರು ಜಾಸ್ತಿ. ಅಲ್ಲಿ ನಾನು ಮೇಲಕ್ಕೆ ಏರಿಸಿ ಎರಡು ಕಳೆದಿದ್ದೆ. ಹದಿನಾಲ್ಕಾಯಿತು. ಎರಡೂ ಸಾಲು ನಾನೇ ಬರೆದದ್ದು, ಆದರೆ ಬೇರೆ ಬೇರೆ ದಿನ.

ಆಟ ಆಡಿ ತಪ್ಪು ಹುಡುಕುವ ದೀದಿಯೊಬ್ಬರಿದ್ದಾರೆ. ಅವರು ಪೈಲ್ವಾನನಿಗೆ ಟೋಪಿ ಹಾಕಿದರು, ತೆಗೆದರು, ಹಾಕಿದರು, ತೆಗೆದರು. ಊಟದ ಹೊತ್ತಿಗೆ ಅವನಿಗೆ ಬಾಗಿಲು ತಳ್ಳುವ ಶಕ್ತಿಯೂ ಉಳಿದಿರಲಿಲ್ಲ.

ನಾನು ಬೆವರುತ್ತ, “ದೀದಿ, ದಾದಾಗೆ ಹೇಳಬೇಡಿ, ಈಗಲೇ ಸರಿ ಮಾಡುತ್ತೇನೆ” ಎಂದೆ.

“ಸರಿ ಮಾಡುವುದೇನು?” ಎಂದರು ದೀದಿ. “ನಮ್ಮ ಅಪ್ಪ ಮಂಕಿ ಕ್ಯಾಪ್ ತೆಗೆದರೆ ಹೀಗೇ ಆಗುತ್ತಾರೆ.”

ಒಂದು ಬಟ್ಟಲು ಮುರಿ

ಮುರಿ ಎಂದರೆ ನಮ್ಮ ಮಂಡಕ್ಕಿ. ಪೈಲ್ವಾನ ಒಂದು ಬಟ್ಟಲು ಮುರಿ ತಿಂದರೆ ಐದು ಬಲ. ಒಮ್ಮೆಗೇ ತಿನ್ನಬಹುದು, ಇಲ್ಲವೇ ಹತ್ತು ಹಿಡಿಯಾಗಿ ತಿನ್ನಬಹುದು. ಹಿಡಿಗೆ ಅರ್ಧ ಬಲ. ಟೋಪಿಯ ಘಟನೆಯ ಮೇಲೆ ಹೆದರಿದ್ದ ನಾನು, ಅರ್ಧ ಬಂದಲ್ಲೆಲ್ಲ ಒಂದು ಮಾಡಿಬಿಟ್ಟಿದ್ದೆ. ಯಾರಿಗೂ ಮೋಸವಾಗಬಾರದು ನೋಡಿ.

ಒಂದು ಭಾನುವಾರ ಹೆಂಡತಿಗೆ ಆಡಲು ಕೊಟ್ಟೆ. ಅವಳು ಆಟ ಆಡುವವಳೇ ಅಲ್ಲ. ಹೊಡೆದಾಟ ಬೇಡವೆಂದು ಪೈಲ್ವಾನನನ್ನು ಒಂದು ಕಡೆ ಕೂರಿಸಿ, ಹಿಡಿ ಹಿಡಿಯಾಗಿ ಮುರಿ ತಿನ್ನಿಸಿದಳು. ಬಟ್ಟಲಿಗೆ ಐದರ ಬದಲು ಹತ್ತು. ಮೂವತ್ತು ಬಟ್ಟಲಾದ ಮೇಲೆ ಅವನು ಎದ್ದು, ಎದುರಿಗೆ ಬಂದ ಆನೆಯನ್ನು ಒಂದೇ ಬೆರಳಿನಲ್ಲಿ ಪಕ್ಕಕ್ಕೆ ಸರಿಸಿದ.

“ಎಂಥ ಮಾರಾಯ್ರೆ ಇದು? ಅರ್ಧವನ್ನೆಲ್ಲ ಒಂದು ಅಂತ ಬರ್ದಿದ್ದೀರಾ?”

“ಹೌದು, ಒಂದು ಚೂರು ಹೆಚ್ಚು ಕೊಟ್ಟೆ.”

“ನಮ್ಮ ಬ್ಯಾಂಕಲ್ಲಿ ಹೀಗೆ ಮಾಡಿದ್ರೆ ಸಸ್ಪೆಂಡ್ ಮಾಡ್ತಾರೆ. ನಿಮ್ಮಲ್ಲಿ ಪೈಲ್ವಾನ್ ಮಾಡ್ತಾರಾ?”

ನೋಡಲು ಬಂದವರು

ಆರು ತಿಂಗಳು ಮುಗಿಯಿತು. ಆ ದಿನ ಬೆಳಿಗ್ಗೆ ಹೆದರಿಕೆಯಲ್ಲಿ ಲೆಕ್ಕವನ್ನು ಇನ್ನೊಮ್ಮೆ ತಿದ್ದಿದೆ. ತಿದ್ದಬಾರದಿತ್ತು. ಹನ್ನೊಂದಕ್ಕೆ ಕೊಳ್ಳುವವರು ಬಂದರು: ಒಬ್ಬ ದಪ್ಪನೆಯ ಹಿರಿಯರು, ಜೊತೆಗೆ ಇಬ್ಬರು. ಹಿರಿಯರೇ ಆಡಲು ಕೂತರು. ಪೈಲ್ವಾನ ಕೊನೆಯ ರಾಕ್ಷಸನಿಗೆ ಹೊಡೆದ. ಜೀವ ನೂರು, ಐವತ್ತು, ಇಪ್ಪತ್ತೈದು, ಹೀಗೆ ಇಳಿಯುತ್ತ ಎರಡು, ಒಂದು, ಸೊನ್ನೆ. ರಾಕ್ಷಸ ಹಿಂದಕ್ಕೆ ವಾಲಿದ, ಇನ್ನೇನು ಬಿದ್ದ ಎನ್ನುವಷ್ಟರಲ್ಲಿ ಎದ್ದು ನಿಂತ. ಮತ್ತೆ ಹೊಡೆದರು. ಮತ್ತೆ ವಾಲಿದ, ಮತ್ತೆ ನಿಂತ. ಪರದೆಯಲ್ಲಿ ದಪ್ಪಕ್ಷರದಲ್ಲಿ ಸೊನ್ನೆ.

ಏನಾಗಿತ್ತೆಂದರೆ, ಬೆಳಿಗ್ಗೆ ತಿದ್ದುವಾಗ ಎಲ್ಲೋ ಒಳಗಿನ ಲೆಕ್ಕದಲ್ಲಿ ಅರ್ಧ, ಕಾಲು ಹಾಗೇ ಉಳಿಯುವಂತಾಗಿ, ರಾಕ್ಷಸನಲ್ಲಿ ಅರ್ಧಕ್ಕಿಂತ ಚೂರು ಕಡಿಮೆ ಜೀವ ಉಳಿದಿತ್ತು. ಪರದೆ ಅದನ್ನು ಸೊನ್ನೆ ಎಂದು ತೋರಿಸಿ ‘ಬೀಳು’ ಎಂದಿತು. ಒಳಗಿನ ಲೆಕ್ಕ ‘ಇನ್ನೂ ಇದ್ದೀಯ, ಏಳು’ ಎಂದಿತು. ಒಂದು ಏಟಿಗೆ ಉಳಿದ ಜೀವದ ಅರ್ಧ ಹೋಗಬೇಕೆಂದು ಬೇರೆ ಬರೆದಿದ್ದೆ. ಹಾಗಾಗಿ ಎಷ್ಟು ಹೊಡೆದರೂ ಅರ್ಧದ ಅರ್ಧ ಉಳಿಯುತ್ತಲೇ ಇತ್ತು.

ದಾದಾ ನನ್ನ ಕಡೆ ನೋಡಿದರು. ನಾನು ಗೋಡೆ ನೋಡಿದೆ. ಹಿರಿಯರು ಮಾತ್ರ ಕುರ್ಚಿ ಅಲ್ಲಾಡುವಂತೆ ನಗುತ್ತಿದ್ದರು. “ಅರೇ, ಇವನು ನಮ್ಮ ಪಾಡಾದ ಪೂಜಾ ಕಮಿಟಿ ಅಧ್ಯಕ್ಷ! ಸೋತು ಎರಡು ವರ್ಷವಾಯಿತು, ಒಪ್ಪುತ್ತಲೇ ಇಲ್ಲ!” ಪಾಡಾ ಎಂದರೆ ಇಲ್ಲಿನವರ ಬಾಯಲ್ಲಿ ಬೀದಿ, ಕೇರಿ.

ಅವರು ಚಹಾಕ್ಕೆ ಹೊರಗೆ ಹೋದದ್ದೇ ತಡ, ನಾನು ಕೂತು ಎಲ್ಲವನ್ನೂ ಸರಿ ಮಾಡಿಬಿಟ್ಟೆ. ಬೆಳಗಿನ ತಪ್ಪನ್ನು ಎಲ್ಲೂ ಉಳಿಸಿಟ್ಟಿರಲಿಲ್ಲ. ಇಟ್ಟುಕೊಳ್ಳಲು ಅದೇನು ಫೋಟೋವೇ?

ದಾದಾ ಓಡಿ ಬಂದರು. “ಆಟ ತಗೊಳ್ತಾರೆ! ರಾಕ್ಷಸ ಹಾಗೇ ಇರಬೇಕಂತೆ. ಏನೂ ಮುಟ್ಟಬೇಡ!”

“ದಾದಾ... ಮುಟ್ಟಿಬಿಟ್ಟೆ.”

ಅವರು ಕುರ್ಚಿ ಎಳೆದುಕೊಂಡು ಕೂತರು. ಆಮೇಲೆ ಹೇಳಿದರು: “ನಿನ್ನ ಪತ್ರಕ್ಕೆ ಸಹಿ ಹಾಕಿದ್ದೇನೆ. ನನ್ನ ಡ್ರಾಯರಿನಲ್ಲಿದೆ. ಆ ತಪ್ಪನ್ನು ವಾಪಸ್ ತಂದ ದಿನ ತೆಗೆದುಕೊ.”

ಇವತ್ತಿಗೆ ಒಂಬತ್ತು ದಿನ. ಆರು ತಿಂಗಳು ಕೇಳದೆ ಬಂದ ತಪ್ಪು, ಈಗ ಕರೆದರೂ ಬರುತ್ತಿಲ್ಲ. ಏನಾಗಿತ್ತೆಂದು ಗೊತ್ತು, ಆದರೆ ಆ ಬೆಳಿಗ್ಗೆ ಗಾಬರಿಯಲ್ಲಿ ಯಾವ ಯಾವ ಸಾಲು ತಿದ್ದಿದ್ದೆನೋ ನೆನಪಿಲ್ಲ. ‘ಸಾಯಬೇಡ’ ಎಂದು ನೇರವಾಗಿ ಬರೆದರೆ ರಾಕ್ಷಸ ಕಂಬದ ಹಾಗೆ ನಿಲ್ಲುತ್ತಾನೆ, ವಾಲುವುದೇ ಇಲ್ಲ. ಬೇರೆ ಏನು ಬರೆದರೂ ಮೊದಲ ಸೊನ್ನೆಗೇ ಶಿಸ್ತಾಗಿ ಪ್ರಾಣ ಬಿಡುತ್ತಾನೆ. ಈಗ ತಾನೇ ಹೊಸದೊಂದನ್ನು ಬರೆದು ದೀದಿಗೆ ಆಡಲು ಕೊಟ್ಟು ಬಂದಿದ್ದೇನೆ. ಇದರಲ್ಲಿ ಉಪಾಯ ಏನೆಂದರೆ, ಉಳಿದ ಜೀವ ಅರ್ಧಕ್ಕಿಂತ ಕಡಿಮೆಯಾದ ಕೂಡಲೇ ಪರದೆಯ ಲೆಕ್ಕವನ್ನು ಕೆಳಕ್ಕೆ ಇಳಿಸಿ, ಒಳಗಿನ ಲೆಕ್ಕವನ್ನು ಮಾತ್ರ ಮೇಲಕ್ಕೆ... ಒಂದು ನಿಮಿಷ, ದೀದಿ ಕೂಗುತ್ತಿದ್ದಾರೆ.

“ಬೇಗ ಬನ್ನಿ! ರಾಕ್ಷಸ ಎದ್ದು ನಿಂತ! ಪೈಲ್ವಾನ ಸತ್ತ!”