ರಾಚಪ್ಪನ ಬೈಪಾಸ್

ಬನಹಟ್ಟಿಯ ರಾಚಪ್ಪನಿಗೆ ಜೀಪು ಓಡಿಸಲು ಬರುತ್ತಿತ್ತು. ಜೀಪಿನ ಹಿಂದೆ ಟ್ರಾಲಿ ಕಟ್ಟಿಕೊಂಡೂ ಓಡಿಸಲು ಬರುತ್ತಿತ್ತು. ಟ್ರಾಲಿ ಕಟ್ಟಿದ ಜೀಪನ್ನು ಹಿಂದಕ್ಕೆ ತೆಗೆಯಲು ಮಾತ್ರ ಬರುತ್ತಿರಲಿಲ್ಲ. ಸ್ಟೇರಿಂಗ್ ಎಡಕ್ಕೆ ತಿರುವಿದರೆ ಟ್ರಾಲಿ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ತಿರುವಿದರೆ ಎಡಕ್ಕೆ. ಒಮ್ಮೆ ಹಟ ಹಿಡಿದು ಪ್ರಯತ್ನ ಮಾಡಿ, ಪಕ್ಕದ ಮನೆಯ ಅನಸವ್ವನ ಕಟ್ಟೆಯನ್ನು ಅರ್ಧ ಕೆಡವಿದ್ದ. ಅಂದಿನಿಂದ ಮುಂದೆ ಸಾಗುವ ದಾರಿ ಇದ್ದಲ್ಲಿಗಷ್ಟೇ ಅವನ ಟ್ರಾಲಿ ಹೋಗುತ್ತಿತ್ತು.

ಇಂಥವನು ಇವತ್ತು ಹುಬ್ಬಳ್ಳಿಗೆ ಹೊರಟಿದ್ದ. ಅಲ್ಲಿಯ ಕೈಮಗ್ಗ ಮೇಳದಲ್ಲಿ ಅವನ ಹೆಂಡತಿ ಪೂರ್ಣಿಮಾಳಿಗೆ ಸ್ಟಾಲು ಸಿಕ್ಕಿತ್ತು. ಮಗ್ಗವನ್ನೇ ತಂದು ಜನರೆದುರು ನೇಯಬೇಕು, ಸಂಜೆ ಐದರೊಳಗೆ ಬಂದು ಹೂಡಬೇಕು, ಇಲ್ಲವಾದರೆ ಸ್ಟಾಲು ಬೇರೆಯವರಿಗೆ. ಪೂರ್ಣಿಮಾ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನೇಯುತ್ತಲೇ ಇದ್ದಳು. ಮಗ್ಗದಿಂದ ಇಳಿದ ಸೀರೆ ಸಾವುಕಾರನ ಅಂಗಡಿಗೆ ಹೋಗುತ್ತಿತ್ತು, ಅಲ್ಲಿಂದ ಎಲ್ಲಿಗೋ. "ನಾ ನೇಯ್ದ ಸೀರಿ ಉಡಾಕಿ ಮುಖಾ ಒಮ್ಮೆರ ನೋಡಬೇಕ್ರಿ," ಎಂದು ಒಂದು ದಿನ ಅವಳು ಅಂದಳು. "ನಾ ತೋರಸ್ತೇನಿ," ಎಂದು ರಾಚಪ್ಪ ಮಾತು ಕೊಟ್ಟುಬಿಟ್ಟ. ಸುಳ್ಳೇಕೆ ಹೇಳಬೇಕು, ಮೇಳದಲ್ಲಿ ಸಿಗುವ ಬಿಸಿ ಮಿರ್ಚಿ ಭಜಿಯ ಮೇಲೂ ಅವನಿಗೆ ಆಸೆಯಿತ್ತು.

ಮುಂಜಾನೆ ಟ್ರಾಲಿಯ ಮೇಲೆ ಅರ್ಧ ನೇಯ್ದ ಸೀರೆಯ ಸಮೇತ ಮಗ್ಗ ಏರಿಸಿ ತಾಡಪಾಲು ಬಿಗಿಯುವಾಗ ದಾರಿ ಹೇಳುವವರು ತಾವಾಗಿಯೇ ಬಂದು ನಿಂತರು. ಎದುರು ಮನೆಯ ಪ್ರೇಮಕುಮಾರ ಮೊಬೈಲು ತೋರಿಸಿ, "ರಾಮದುರ್ಗ, ನರಗುಂದ, ನವಲಗುಂದ, ನೆಟ್ಟಗ ಹುಬ್ಬಳ್ಳಿ. ಭಾಳ ಸಮೀಪ ನೋಡು," ಎಂದ.

ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತನಾದ ತುಕಾರಾಮ ಹೌಹಾರಿದ. "ಸಮೀಪ ಐತಿ, ಒಳಗ ಹೊಕ್ಕಮ್ಯಾಲ ಹೊರಗ ಬರೂದ ಹ್ಯಾಂಗ? ಹುಬ್ಬಳ್ಳಿ ಊರಾಗ ಮೂರ ಕಡೆ ಬ್ಲಾಕ್ ಇರ್ತೈತಿ. ಯಾವನರ ಪೊಲೀಸ ಹಿಂದ ತಗೋ ಅಂದ್ರ ಏನ್ ಮಾಡ್ತೀಲೇ ರಾಚ್ಯಾ?"

ರಾಚಪ್ಪ ಅನಸವ್ವನ ಅರ್ಧ ಕಟ್ಟೆಯ ಕಡೆ ನೋಡಿದ.

"ಮಾಲಿಂಗಪುರನೂ ಬ್ಯಾಡ, ಕಬ್ಬಿನ ಟ್ರ್ಯಾಕ್ಟರ್ ಸಾಲ ಹಚ್ಚಿರ್ತಾವು. ಜಮಖಂಡಿ ಮ್ಯಾಲ ಮುಧೋಳಕ್ಕ ಹೋಗು. ಲೋಕಾಪುರ, ಸವದತ್ತಿ, ಧಾರವಾಡ. ಅಲ್ಲಿಂದ ಬೈಪಾಸ್. ಬೈಪಾಸ್ ಹಿಡದಿ ಅಂದ್ರ ಹುಬ್ಬಳ್ಳಿ ಗದ್ದಲಾನ ಇಲ್ಲ, ಅರ್ಧಾ ತಾಸಿನ ಕೆಲಸ, ಮೇಳದ ಮೈದಾನ ಅದರ ಬಾಜೂಕ ಐತಿ."

ಪ್ರೇಮಕುಮಾರ ಮುನಿಸಿಕೊಂಡು ಮನೆಗೆ ಹೋಗಿ ಬಾಗಿಲು ಹಾಕಿಕೊಂಡ. ತುಕಾರಾಮ ತೇರದಾಳದ ಬಸ್ಸು ಹತ್ತಿ ತನ್ನದೇನೋ ಕೆಲಸದ ಮೇಲೆ ಹೋದ. ರಾಚಪ್ಪ ಬೈಪಾಸ್ ಎಂದು ಗಟ್ಟಿ ಮಾಡಿದ. ಆದರೆ ಸುತ್ತು ದಾರಿ, ಸ್ವಲ್ಪ ತಡವಾದರೆ? ಮೇಳದ ಸಾಹೇಬರ ಕಿವಿಗೆ ಹಾಕಿಬಿಡೋಣವೆಂದು ಫೋನು ಹಚ್ಚಿದ. ಮನೆಯೊಳಗೆ ನೆಟ್‌ವರ್ಕ್ ಸಿಗದೆ ಬೀದಿಯ ನಲ್ಲಿಯ ಹತ್ತಿರ ಹೋಗಿ ನಿಂತು, ಹುಬ್ಬಳ್ಳಿಗೆ ಹಾಗೆಯೇ ಕೇಳಿಸಲಿ ಎಂಬಂತೆ ಒದರಿದ.

"ಹಲೋ ಸಾಹೇಬ್ರ, ಬನಹಟ್ಟಿ ರಾಚಪ್ಪ್ರೀ! ಇವತ್ತ ಬೈಪಾಸ್ ಐತ್ರಿ! ಒಂದೀಟ ತಡ ಆದ್ರ ಸಂಬಾಳಸ್ಕೋರಿ!"

ಅವಸರ ಬೇಡ, ಸ್ಟಾಲಿನ ಚಿಂತೆ ನಮಗೆ ಬಿಡಿ ಎಂದು ಸಾಹೇಬರು ಮೆತ್ತಗೆ ಹೇಳಿದರು. "ದೇವರಂಥಾ ಮನಷ್ಯಾ ನೋಡು," ಎಂದು ಹೆಂಡತಿಗೆ ಸುದ್ದಿ ಮುಟ್ಟಿಸಿ, ರಾಚಪ್ಪ ರೊಟ್ಟಿ ತಿನ್ನಲು ಕುಳಿತ.

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದವಳು ಅನಸವ್ವ. ಅವಳಿಗೆ ಗೊತ್ತಿದ್ದ ಬೈಪಾಸ್ ಒಂದೇ, ಎದೆ ಕೊಯ್ದು ಮಾಡುವಂಥದು. ತುಂಬಿದ ಕೊಡವನ್ನು ಅಲ್ಲೇ ಬಿಟ್ಟು ಓಡಿದಳು. ರಾಚಪ್ಪ ರೊಟ್ಟಿ ಮುಗಿಸಿ ಕೈತೊಳೆಯಲು ಹೊರಗೆ ಬಂದಾಗ ಜೀಪಿನ ಸುತ್ತ ಅರ್ಧ ಓಣಿ ಸೇರಿತ್ತು. ಒಬ್ಬರ ಕೈಯಲ್ಲಿ ಎಳನೀರು, ಇನ್ನೊಬ್ಬರ ಕೈಯಲ್ಲಿ ಸೇಬು. ಎಲ್ಲರ ಮುಂದೆ ಸರಕಾರಿ ಕಚೇರಿಯಿಂದ ನಿವೃತ್ತರಾದ ವಾಸುದೇವರಾಯರು ಕೈಕೋಲು ಊರಿ ನಿಂತಿದ್ದರು.

"ರಾಚಪ್ಪಾ, ಎಷ್ಟ ಬ್ಲಾಕ್ ಅವ?" ರಾಯರು ಕೇಳಿದರು.

ದಾರಿ ಹೇಳಲು ಇವರೂ ಬಂದರೆಂದು ರಾಚಪ್ಪ ತಿಳಿದ. "ಮೂರ ಅದಾವಂತ್ರಿ ರಾಯರ."

ಹೆಂಗಸರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡರು.

"ಯಾರ ಹೇಳಿದ್ರು?"

"ತುಕಾರಾಮ ಹೇಳ್ಯಾನ್ರಿ. ಮೂರ ಬ್ಲಾಕ್ ಇದ್ರ ಬೈಪಾಸ್ ಬಿಟ್ರ ಗತಿ ಇಲ್ಲಂದ."

"ಅರೆ ದೇವಾ! ಬಸ್ ಡ್ರೈವರ್ ಮಾತ ಕೇಳಿ ಬೈಪಾಸ್?"

"ಮತ್ತ ಯಾರ್ನ ಕೇಳೂದ್ರಿ? ಅವನಷ್ಟ ಅನುಭವ ಯಾರಿಗೈತಿ? ಅರ್ಧಾ ತಾಸಿನ ಕೆಲಸ ಅಂದಾನ."

"ಅರ್ಧಾ ತಾಸು? ನಂದು ಆರು ತಾಸು ಹಿಡದಿತ್ತಪಾ!"

"ನೀವು ನಟ್ಟನಡು ಸಿಕ್ಕೊಂಡಿರಬೇಕ್ರಿ."

ರಾಯರು ಅಂಗಿಯ ಗುಂಡಿ ಬಿಚ್ಚಿ, ಎದೆಯ ಮೇಲೆ ಕುತ್ತಿಗೆಯಿಂದ ಕೆಳಗಿಳಿದ ಹೊಲಿಗೆಯ ಗೆರೆ ತೋರಿಸಿದರು. ಆಗ ರಾಚಪ್ಪನ ತಲೆಗೆ ಹೊಳೆಯಿತು. ಹೊಟ್ಟೆ ಹಿಡಿದುಕೊಂಡು ನಕ್ಕ. "ಅಯ್ಯ ನಿಮ್ಮ! ಇದು ರಸ್ತಾ ಬೈಪಾಸ್ರಿ, ರಸ್ತಾ! ನನ್ನ ಎದಿಗೆ ಏನ್ ಧಾಡಿ ಆಗೇತಿ?"

ಅವನು ನಕ್ಕಿದ್ದೇ ತಪ್ಪಾಯಿತು. "ಮಂದಿ ಅಂಜಬಾರ್ದಂತ ನಗಾಕತ್ತಾನ, ನನ್ನಪ್ಪ," ಎಂದು ಅನಸವ್ವ ಕಣ್ಣೊರೆಸಿಕೊಂಡಳು. "ನಮ್ಮಣ್ಣನೂ ಹಿಂಗ ನಕ್ಕೋತ ಹೋಗಿದ್ದ." ರಾಚಪ್ಪ ಆಣೆ ಮಾಡಿದ, ಪಾಪ, ಎಂಥ ಧೈರ್ಯ ಎಂದರು. ಸಿಟ್ಟಿಗೆದ್ದು ಕೂಗಾಡಿದ, ಸಿಟ್ಟು ಮಾಡಬಾರದು, ಎದೆಗೆ ಒಳ್ಳೆಯದಲ್ಲ ಎಂದು ಮೂವರು ಹಿಡಿದು ಕೂಡಿಸಿದರು. ಸಾಕ್ಷಿ ಹೇಳಲು ತುಕಾರಾಮ ಊರಲ್ಲಿಲ್ಲ, ಪ್ರೇಮಕುಮಾರ ಬಾಗಿಲು ತೆರೆಯಲಿಲ್ಲ.

ಅಷ್ಟರಲ್ಲಿ ಪೂರ್ಣಿಮಾ ಒಳಗಿಂದ ಬಂದಳು. ಯಾರೋ ಅವಳ ಕಿವಿಗೂ ಹಾಕಿದ್ದರು. "ನನಗೊಂದ ಮಾತ ಹೇಳಬಾರದೇನ್ರಿ? ಸ್ಟಾಲ್ ಹಾಳಾಗಿ ಹೋಗ್ಲಿ. ಮಗ್ಗ ಇಳಸ್ರಿ ಮೊದಲ," ಎನ್ನುತ್ತ ತಾಡಪಾಲಿನ ಹಗ್ಗಕ್ಕೆ ಕೈ ಹಾಕಿದಳು. ಇಷ್ಟು ವರ್ಷದ ಆಸೆಯನ್ನು ಹೆಂಡತಿ ತನಗಾಗಿ ಒಂದು ಮಾತಿನಲ್ಲಿ ಬಿಟ್ಟುಕೊಟ್ಟದ್ದನ್ನು ಕಂಡು ರಾಚಪ್ಪ ಸಿಟ್ಟು ಮರೆತ. ಅವಳನ್ನು ಬದಿಗೆ ಕರೆದು, ಮಗ್ಗದ ಮೇಲೆ ಕೈಯಿಟ್ಟು, ದಾರಿಯ ಕತೆಯನ್ನೆಲ್ಲ ಬಿಡಿಸಿ ಹೇಳಿದ. ಅವಳು ಅರ್ಧ ನಂಬಿದಳು. "ಆತು. ಒಮ್ಮೆ ಡಾಕ್ಟರಿಗೆ ತೋರ್ಸಿ ಹೋಗೂಣು," ಎಂದಳು.

ಜೀಪಿನ ಕೀಲಿ ಆಗಲೇ ವಾಸುದೇವರಾಯರ ಜೇಬು ಸೇರಿತ್ತು. "ಮಾಲಿಂಗಪುರದಾಗ ನಮ್ಮ ಪರಿಚಯದ ಡಾಕ್ಟರ್ ಇದ್ದಾರ," ಎಂದು ಅವರು ಮುಂದಿನ ಸೀಟು ಏರಿದರು. ಪೂರ್ಣಿಮಾ ಹಿಂದೆ ಕುಳಿತಳು. ಜೀಪು ಓಡಿಸಲು ಬೇರೆ ಯಾರಿಗೂ ಬರುತ್ತಿರಲಿಲ್ಲ, ಕೀಲಿ ಕೊಡುವ ಮುಂಚೆ ರಾಯರು ರಾಚಪ್ಪನ ನಾಡಿ ಹಿಡಿದು ನೋಡಿದರು.

ಯಾವ ಮಹಾಲಿಂಗಪುರ ಬೇಡವೆಂದು ತುಕಾರಾಮ ಹೇಳಿದ್ದನೋ ಅದರ ಪೇಟೆಯ ನಡುವೆಯೇ ಟ್ರಾಲಿ ಹೊಕ್ಕಿತು. ಕಬ್ಬಿನ ಟ್ರ್ಯಾಕ್ಟರು, ಬೆಲ್ಲದ ಗಾಡಿ, ಬಸ್ಸು, ಎಮ್ಮೆ. ಡಾಕ್ಟರ ದವಾಖಾನೆ ಒಂದು ಸಂದಿಯ ಕೊನೆಗಿತ್ತು, ಸಂದಿ ಬೆಲ್ಲದ ಅಂಗಡಿಯ ಗೋಡೆಗೆ ಮುಗಿಯುತ್ತಿತ್ತು. ಪೇಶಂಟು ನಡೆಯಬಾರದೆಂದು ರಾಯರು ಹಟ ಹಿಡಿದು ಬಾಗಿಲವರೆಗೂ ಗಾಡಿ ಹೊಡೆಸಿದರು. ಡಾಕ್ಟರು ರಾಚಪ್ಪನ ಎದೆಗೆ ತಂತಿ ಹಚ್ಚಿ, ಕಾಗದ ನೋಡಿ, "ಕುದುರಿ ಎದಿ ಐತ್ರಿ ಇವರದು. ಯಾರ ಕರಕೊಂಡ ಬಂದ್ರಿ?" ಎಂದರು. ಪೂರ್ಣಿಮಾ ನಿಟ್ಟುಸಿರು ಬಿಟ್ಟು ಗಂಡನ ತೋಳು ಚಿವುಟಿದಳು. ರಾಯರು ಮಾತ್ರ, "ಯಂತ್ರಕ್ಕ ಏನ್ ತಿಳೀತದ," ಎಂದು ಗೊಣಗಿದರು.

ಇನ್ನು ಸಂದಿಯಿಂದ ಹೊರಗೆ ಬರಬೇಕು. ಹಿಂದಕ್ಕೇ ಬರಬೇಕು. ರಾಚಪ್ಪ ಗೇರು ಹಾಕಿದ್ದೇ ತಡ, ಸಂದಿಯ ಎರಡೂ ಕಡೆಯ ಅಂಗಡಿಯವರು ಎದ್ದು ನಿಂತರು. "ಎಡಕ್ಕ ಹೊಡಿ!" "ಏ, ಬಲಕ್ಕೋ!" ರಾಯರು ಕೈಕೋಲು ಬೀಸಿ ಮರಾಠಿಯಲ್ಲೂ ಕನ್ನಡದಲ್ಲೂ ದಾರಿ ತೋರಿಸಿದರು. ಟ್ರಾಲಿ ಎರಡೂ ಭಾಷೆಗೆ ಬಗ್ಗದೆ ಗಟಾರಿನ ಕಡೆ ಮೂತಿ ಮಾಡಿತು. ಕೊನೆಗೆ ಬೆಲ್ಲ ಹೊರುವ ಹಮಾಲರೇ ಬಂದು ಹುಕ್ಕು ಬಿಡಿಸಿ, ಟ್ರಾಲಿಯನ್ನು ಕೈಯಿಂದ ಎಳೆದು ರಸ್ತೆಗೆ ತಂದು ನಿಲ್ಲಿಸಿದರು. ಅಷ್ಟರಲ್ಲಿ ಮಧ್ಯಾಹ್ನವಾಗಿತ್ತು. ರಾಯರು ಊರಿಗೆ ಮರಳಲು ಬಸ್‌ಸ್ಟ್ಯಾಂಡಿಗೆ ನಡೆದರು. ಹೋಗುವಾಗ, "ಖಾರ ತಿನ್ನಬ್ಯಾಡ," ಎಂದು ಹೇಳುವುದನ್ನು ಮರೆಯಲಿಲ್ಲ.

ಆಮೇಲೆ ರಾಚಪ್ಪ ಎಲ್ಲಿಯೂ ನಿಲ್ಲಲಿಲ್ಲ. ಮುಧೋಳ ದಾಟಿತು, ಲೋಕಾಪುರ ದಾಟಿತು, ಸವದತ್ತಿಯ ಗುಡ್ಡ ಹಿಂದೆ ಬಿತ್ತು. ಧಾರವಾಡದ ಹತ್ತಿರ ಬೈಪಾಸ್ ಹಿಡಿದಾಗ ಗಾಳಿ ಮುಖಕ್ಕೆ ಬಡಿಯಿತು. ಬ್ಲಾಕಿಲ್ಲ, ಪೊಲೀಸನಿಲ್ಲ, ಹಿಂದ ತಗೋ ಎನ್ನುವವರಿಲ್ಲ. ಈಗ ಮುಂದಿನ ಸೀಟಿಗೆ ಬಂದಿದ್ದ ಪೂರ್ಣಿಮಾ ಬಾಯ್ತುಂಬ ನಕ್ಕಳು. "ನಮ್ಮ ಓಣಿ ಮಂದೀಗೆ ಬುದ್ಧಿ ಅನ್ನೂದ ಒಟ್ಟ ಇಲ್ಲ ನೋಡು," ಎಂದ ರಾಚಪ್ಪ. "ಒಂದ ಶಬ್ದ ಕೇಳಿದ್ರಂದ್ರ ಮುಗೀತು, ಹಿಂದ ಮುಂದ ವಿಚಾರಾನ ಮಾಡೂದಿಲ್ಲ."

ಐದಕ್ಕೆ ಇನ್ನೂ ಹೊತ್ತಿರುವಾಗಲೇ ಅವರು ಮೇಳದ ಗೇಟಿಗೆ ಬಂದು ಮುಟ್ಟಿದರು. ಒಳಗಿನಿಂದ ಮಿರ್ಚಿ ಭಜಿಯ ವಾಸನೆ ಬರುತ್ತಿತ್ತು. ಸಾಹೇಬರಾದ ವೇದವ್ಯಾಸರು ಗೇಟಿನಲ್ಲೇ ಇದ್ದರು. ರಾಚಪ್ಪ ಹೆಸರು ಹೇಳಿದ್ದೇ ಅವರ ಮುಖ ಬಿಳುಪಾಯಿತು.

"ರಾಚಪ್ಪನವರ! ನೀವು ಎದ್ದ ಬಂದ್ರೇನು? ಡಾಕ್ಟರ್ ಹ್ಯಾಂಗ ಬಿಟ್ರು?"

ರಾಚಪ್ಪನ ರಕ್ತ ಕುದಿಯಿತು. ಆ ಅನಸವ್ವನ ನಾಲಿಗೆ ಇಲ್ಲಿಯವರೆಗೂ ಬಂತೇ! "ಸಾಹೇಬ್ರ, ನನಗೇನೂ ಆಗಿಲ್ರಿ. ನಮ್ಮ ಓಣಿಯಾಗ ಒಬ್ಬಾಕಿ ಮುದುಕಿ ಅದಾಳ, ಆಕಿ ಊರಿಗೆಲ್ಲಾ ಸುಳ್ಳ ಹಬ್ಬಿಸ್ಯಾಳ. ಬೈಪಾಸ್ ಅಂದ್ರ ರಸ್ತಾರಿ! ನಿಮಗ ಆಕೀನ ಫೋನ್ ಮಾಡಿದ್ಲು, ಹೌದಿಲ್ಲೋ?"

"ಯಾವ ಮುದುಕಿರೀ?" ವೇದವ್ಯಾಸರು ಕಣ್ಣು ಕಣ್ಣು ಬಿಟ್ಟರು. "ಮುಂಜಾನೆ ನೀವ ಫೋನ್ ಮಾಡಿ ಹೇಳಿದ್ರಲ್ಲ, ಇವತ್ತ ಬೈಪಾಸ್ ಅದ ಅಂತ? ಪೇಶಂಟಿಗೆ ಚಿಂತಿ ಬ್ಯಾಡಂತ ನಾನ ಸ್ಟಾಲನ್ನ ಬೀಳಗಿ ನೇಕಾರಾಕಿ ಹೊಳೆವ್ವಗ ಕೊಟ್ಟಬಿಟ್ಟೆ. ಪಾಪ, ಆಕಿ ನಿಮ್ಮ ಹೆಸರಲೆ ದೀಪಾನೂ ಹಚ್ಚ್ಯಾಳ."

ಗೇಟಿನಾಚೆ ಒಂದು ಸ್ಟಾಲಿನ ಮುಂದೆ ದೀಪ ಉರಿಯುತ್ತಿತ್ತು. ರಾಚಪ್ಪನಿಗೆ ಹೆಂಡತಿಯ ಕಡೆ ತಿರುಗುವ ಧೈರ್ಯ ಸಾಲಲಿಲ್ಲ. ಕೊಟ್ಟ ಮಾತನ್ನು ತನ್ನ ಬಾಯಿಂದಲೇ ಕೆಡಿಸಿದ್ದೆನಲ್ಲ ಎಂದು ಅವನಿಗೆ ಅಳು ಬಂತು. ಪೂರ್ಣಿಮಾ ಆ ದೀಪವನ್ನೇ ನೋಡುತ್ತಿದ್ದಳು. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಗಾಡಿ ಹಿಂದ ತಗೋರಿ, ಹಿಂದ!" ಎಂದು ಕಾವಲುಗಾರ ಸೀಟಿ ಊದಿದ.

ರಾಚಪ್ಪ ಹಿಂದಕ್ಕೆ ತೆಗೆದ. ಟ್ರಾಲಿ ಗೇಟಿನ ಕಂಬಕ್ಕೆ ಒರಗಿ ಅಡ್ಡ ನಿಂತುಬಿಟ್ಟಿತು. ಮುಂದೆ ಹೋದರೆ ಜೀಪು ಕಂಬಕ್ಕೆ, ಹಿಂದೆ ಬಂದರೆ ಟ್ರಾಲಿ ಕಂಬಕ್ಕೆ. ಬದಿಯಲ್ಲಿ ಒಬ್ಬೊಬ್ಬರೇ ನುಸುಳುವಷ್ಟು ಜಾಗ ಉಳಿಯಿತು, ಮೇಳಕ್ಕೆ ಬಂದವರು ಅಲ್ಲಿಯೇ ಸಾಲುಗಟ್ಟಿದರು. ಕ್ರೇನು ತರಿಸುತ್ತೇನೆಂದು ವೇದವ್ಯಾಸರು ಫೋನು ಹಿಡಿದು ಓಡಿದರು.

ಪೂರ್ಣಿಮಾ ಸಾಲಿನಲ್ಲಿದ್ದ ಹೆಂಗಸರನ್ನು ನೋಡಿದಳು. ಸೆರಗು ಸಿಕ್ಕಿಸಿ ಟ್ರಾಲಿ ಏರಿ, ತಾಡಪಾಲು ಸರಿಸಿ, ಮಗ್ಗಕ್ಕೆ ಕುಳಿತಳು. ಲಾಳಿ ಓಡತೊಡಗಿತು. ಒಳಗೆ ಹೋಗುವವರಿಗೆಲ್ಲ ಬೇರೆ ದಾರಿಯೇ ಇರಲಿಲ್ಲ, ಅವಳ ಮಗ್ಗ ದಾಟಿಯೇ ಹೋಗಬೇಕು. ದಾಟಲು ಬಂದವರು ನಿಂತರು. ಕನ್ನಡಕದ ಹೆಂಗಸೊಬ್ಬಳು ಅರ್ಧ ನೇಯ್ದ ಸೀರೆಯನ್ನು ಬೆರಳಿಂದ ಮುಟ್ಟಿ, "ಇದು ಮುಗದ್ರ ನನಗ ಬೇಕವಾ, ಮಗಳ ಮದುವ್ಯಾಗ ನಾ ಉಡ್ತೇನಿ," ಎಂದಳು. ಪೂರ್ಣಿಮಾ ಲಾಳಿ ನಿಲ್ಲಿಸಿ, ಅವಳ ಮುಖವನ್ನು ಕಣ್ತುಂಬ ನೋಡಿದಳು.

ಆ ಹೆಂಗಸು ಜೀಪಿನಲ್ಲಿ ತಲೆಯ ಮೇಲೆ ಕೈಹೊತ್ತು ಕುಳಿತಿದ್ದವನ ಕಡೆ ಬೆರಳು ಮಾಡಿದಳು. "ಅವರ್ಯಾರು? ಯಾಕ ಹಂಗ ಕುಂತಾರ?"

"ನಮ್ಮ ಮನಿಯವರ್ರೀ," ಎಂದಳು ಪೂರ್ಣಿಮಾ. "ಇವತ್ತ ಮಧ್ಯಾಹ್ನನ ಬೈಪಾಸ್ ಆತು."

"ಇವತ್ತ? ಅಯ್ಯ ಶಿವನ! ಇವತ್ತ ಬೈಪಾಸ್ ಆಗಿ, ಹೆಂಡ್ತಿ ಸಲುವಾಗಿ ಗಾಡಿ ಹೊಡಕೊಂಡ ಬಂದಾರ?" ಸಾಲಿನ ಉದ್ದಕ್ಕೂ ಸುದ್ದಿ ಹರಿಯಿತು. ನನಗೂ ಒಂದು ಸೀರೆ, ನನಗೂ ಒಂದು ಎನ್ನುವ ದನಿಗಳು ಎದ್ದವು. ರಾಚಪ್ಪ ಅಷ್ಟರಲ್ಲಿ ಭಜಿಯವನನ್ನು ಕೈಸನ್ನೆ ಮಾಡಿ ಕರೆದು, ಬಿಸಿ ಮಿರ್ಚಿಯೊಂದನ್ನು ಬಾಯಿಯ ಹತ್ತಿರ ತಂದಿದ್ದ. ನಾಲ್ಕು ಕೈಗಳು ಒಟ್ಟಿಗೇ ಬಂದು ಅದನ್ನು ಕಿತ್ತುಕೊಂಡವು. ಐದನೆಯ ಕೈ ಎಳನೀರು ಹಿಡಿಸಿತು.

"ರಸ್ತಾ ಬೈಪಾ..." ಎಂದು ರಾಚಪ್ಪ ಬಾಯಿ ತೆರೆದ. ಮಗ್ಗದ ಮೇಲಿಂದ ಪೂರ್ಣಿಮಾ ಅವನನ್ನೊಮ್ಮೆ ನೋಡಿದಳು.

ರಾಚಪ್ಪ ಮೆಲ್ಲಗೆ ಎದೆಯ ಮೇಲೆ ಕೈ ಇಟ್ಟುಕೊಂಡು ಎಳನೀರು ಕುಡಿದ.