ಬ್ಯಾಟರಿ ತಿಂದ ಬದನೆಕಾಯಿ

ನಮ್ಮ ಮನೆಗೆ ಇಂಗ್ಲಿಷ್ ಅಕ್ಷರ ಇರುವ ಯಾವ ವಸ್ತು ಬಂದರೂ ಅದು ನೇರವಾಗಿ ನನ್ನ ಕೈಗೆ ಬರುತ್ತದೆ. ಗೊಬ್ಬರದ ಚೀಲ, ಕೆಮ್ಮಿನ ಔಷಧಿ, ಮಿಕ್ಸಿಯ ಗ್ಯಾರಂಟಿ ಕಾರ್ಡು, ಎಲ್ಲ! ನಾನು ಹುಣಸೂರಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳು. ಯಾವುದಕ್ಕೇ ಆದರೂ ಒಪ್ಪಿಗೆ ಕೊಡುವ ಮುನ್ನ ಪೂರ್ತಿ ಓದಬೇಕು ಎಂದು ಸಿಸ್ಟರ್ ಕಲಿಸಿದ್ದರು. ಮದುವೆಯಾಗಿ ರಾವಂದೂರಿನ ಹತ್ತಿರದ ಈ ಊರಿಗೆ ಬಂದು ಇಪ್ಪತ್ತೆರಡು ವರ್ಷವಾದರೂ ಆ ಅಭ್ಯಾಸ ಹೋಗಿಲ್ಲ. ಬಿಸ್ಕತ್ತಿನ ಪೊಟ್ಟಣವನ್ನೂ ಓದಿಯೇ ಒಡೆಯುತ್ತೇನೆ. ನಮ್ಮ ಯಜಮಾನರು ನನಗೆ ‘ಟೆಕ್ನಿಕಲ್ ಡಿಪಾರ್ಟ್‌ಮೆಂಟ್’ ಎಂದು ಹೆಸರಿಟ್ಟಿದ್ದಾರೆ. ಅದು ಹೊಗಳಿಕೆ ಎಂದೇ ನಾನು ಇಷ್ಟು ವರ್ಷ ನಂಬಿಕೊಂಡಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನನ್ನ ಫೋನು, ‘ನಾನು ಇನ್ನೂ ಉತ್ತಮವಾಗಬೇಕೆಂದಿದ್ದೇನೆ, ಅಪ್ಪಣೆ ಕೊಡಿ’ ಎಂದು ಕೇಳಿತು. ಹನ್ನೊಂದು ಹೊಸ ಅನುಕೂಲಗಳ ಪಟ್ಟಿ ಕೊಟ್ಟಿತ್ತು. ಒಲೆಯ ಮುಂದೆ ನಿಂತು ಒಂದೊಂದೇ ಓದಿದೆ. ಹತ್ತು ಮುಗಿಯಿತು. ಹನ್ನೊಂದನೆಯದಕ್ಕೆ ಬರುವಷ್ಟರಲ್ಲಿ ಹಾಲು ಉಕ್ಕಿತು! ಒಂದು ಕೈಯಲ್ಲಿ ಪಾತ್ರೆ ಇಳಿಸಿ ಇನ್ನೊಂದು ಕೈಯಲ್ಲಿ ‘ಒಪ್ಪಿದೆ’ ಒತ್ತಿಬಿಟ್ಟೆ. ಹತ್ತು ಓದಿದವಳಿಗೆ ಒಂದು ಓದದಿದ್ದರೆ ಏನು ಮಹಾ?

ಮರುದಿನ ಮಧ್ಯಾಹ್ನದ ಹೊತ್ತಿಗೆ ಫೋನಿನ ಬ್ಯಾಟರಿ ಹದಿನಾಲ್ಕಕ್ಕೆ ಇಳಿದಿತ್ತು. ಹಿಂದಿನ ದಿನದವರೆಗೂ ರಾತ್ರಿ ಊಟದ ತನಕ ಬರುತ್ತಿದ್ದ ಬ್ಯಾಟರಿ!

ಬೇರೆಯವರ ಮನೆಯಲ್ಲಾದರೆ ಇದು ಸಣ್ಣ ವಿಷಯ. ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮ ಬದನೆ ತೋಟ ಊರಿಂದ ಒಂದೂವರೆ ಮೈಲಿ ದೂರ. ಅಲ್ಲಿನ ಬೋರ್‌ವೆಲ್ಲಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿದ್ದೇವೆ. ತ್ರೀಫೇಸ್ ಕರೆಂಟು ಬಂದ ಕೂಡಲೇ ಆ ಪೆಟ್ಟಿಗೆಯೇ ಫೋನ್ ಮಾಡುತ್ತದೆ. ಒಂದು ಒತ್ತಿದರೆ ಮೋಟರು ಓಡುತ್ತದೆ, ಆಮೇಲೆ ನಾವು ಫೋನ್ ಮಾಡಿ ಎರಡು ಒತ್ತಿದರೆ ನಿಲ್ಲುತ್ತದೆ. ಅದರ ಇಂಗ್ಲಿಷ್ ಪುಸ್ತಕ ಓದಿ ನಂಬರ್ ಸೇರಿಸಿದವಳು ನಾನೇ. ಒಂದೇ ನಂಬರ್ ಸೇರಿಸಿದೆ. ನನ್ನದು! ಬೇರೆ ಯಾರ ನಂಬರಿನಿಂದ ಕರೆ ಹೋದರೂ ಪೆಟ್ಟಿಗೆ ಮಾತಾಡುವುದಿಲ್ಲ.

ಯಜಮಾನರು ತೋಟದಲ್ಲೇ ಇರುತ್ತಿದ್ದಾಗ ಚಿಂತೆ ಇರಲಿಲ್ಲ. ಆದರೆ ಅವರು ಗಾಡಿಯಿಂದ ಬಿದ್ದು, ಪಾದಕ್ಕೆ ಪಟ್ಟಿ ಕಟ್ಟಿಸಿಕೊಂಡು, ಪಡಸಾಲೆಯ ಮಂಚದ ಮೇಲೆ ಎರಡು ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದರು. ನಮ್ಮ ತೋಟದ ಕೆಳಗೇ ಪಕ್ಕದ ಹೊಲದ ಜಯಕ್ಕನ ಕಣ. ಅವಳು ಆಗಷ್ಟೇ ರಾಗಿ ಕೊಯ್ದು, ಕಂತೆ ಕಟ್ಟಿ, ಮೆದೆ ಒಟ್ಟಿದ್ದಳು.

“ನೋಡು ಶೀಲಾ,” ಯಜಮಾನರು ಬೆರಳೆತ್ತಿ ಹೇಳಿದರು, “ಒಂದೂವರೆ ಗಂಟೆ ಮೇಲೆ ಮೋಟ್ರು ಓಡುದ್ರೆ ಕಾಲುವೆ ತುಂಬಿ ನೀರು ನೇರ ಜಯಕ್ಕನ ಕಣಕ್ಕೆ ನುಗ್ತದೆ. ಅವಳ ಒಂದು ವರ್ಷದ ಊಟ ಅಲ್ಲಿ ಅದೆ. ಒಂದು ಹನಿ ಹೋಗ್ಬಾರ್ದು.”

“ಒಂದು ಹನಿಯೂ ಹೋಗಲ್ಲ ಕಣ್ರೀ,” ಎಂದೆ ನಾನು. ಎಂಥ ವಿಶ್ವಾಸ!

ಫೋನು ಸದಾ ನನ್ನ ಜೊತೆಗೇ ಇರಬೇಕಲ್ಲ? ಅದಕ್ಕೆಂದೇ ಕೆಂಪು ಉಲ್ಲನ್ನಿನಲ್ಲಿ ಒಂದು ಚೀಲ ಹೆಣೆದಿದ್ದೆ. ಕ್ರೋಶಾ ಕೂಡ ಸಿಸ್ಟರ್ ಕಲಿಸಿದ್ದೇ. ಕೊರಳಿಗೆ ಹಾಕಿಕೊಂಡರೆ ಫೋನು ಎದೆಯ ಮೇಲೆ ತೂಗುತ್ತದೆ, ಎರಡೂ ಕೈ ಖಾಲಿ. ಬದನೆ ಕೊಯ್ಯುವ ಐದು ಆಳಿಗೆ, ಮನೆಯ ಮೂವರಿಗೆ, ದಿನಕ್ಕೆ ಎರಡು ಹೊತ್ತು ಮುದ್ದೆ ತೊಳಸುವವಳಿಗೆ ಎರಡೂ ಕೈ ಬೇಕೇ ಬೇಕು.

ರೋಗ ಯಾವುದೆಂದು ತಿಳಿಯದೆ ಔಷಧಿ ಕೊಡಬಾರದು. ನಾನು ಒಂದು ನೋಟ್‌ಬುಕ್ಕಿಗೆ ಗೆರೆ ಹಾಕಿ, ಆಸ್ಪತ್ರೆಯಲ್ಲಿ ಜ್ವರ ಬರೆಯುವ ಹಾಗೆ, ಫೋನಿನ ತಪಾಸಣೆ ಶುರು ಮಾಡಿದೆ.

‘ಸೋಮವಾರ. ಬೆಳಿಗ್ಗೆ ಆರಕ್ಕೆ ನೂರು. ಎಂಟಕ್ಕೆ ತೊಂಬತ್ತೇಳು. ಮುದ್ದೆಯಾದ ಮೇಲೆ ಎಂಬತ್ತು. ಹತ್ತಕ್ಕೆ ಐವತ್ತೆರಡು. ಮೈ ಬಿಸಿ. ನೆತ್ತಿಯ ಮೇಲೆ ಹೊಸದಾಗಿ ಒಂದು ಸಣ್ಣ ಬದನೆಕಾಯಿಯ ಚಿತ್ರ.’

ಹೌದು, ಚಿತ್ರ. ಪರದೆಯ ಮೇಲ್ತುದಿಯಲ್ಲಿ, ಗಡಿಯಾರದ ಪಕ್ಕ, ಉದ್ದ ತೊಟ್ಟಿನ ಪುಟ್ಟ ಬದನೆಕಾಯಿ. ಕೆಲವೊಮ್ಮೆ ಇರುತ್ತಿತ್ತು, ಕೆಲವೊಮ್ಮೆ ಇರುತ್ತಿರಲಿಲ್ಲ. ಸಣ್ಣ ಸಂಗತಿಗಳು ನನ್ನ ಕಣ್ಣಿಗೆ ಎಂದೂ ತಪ್ಪುವುದಿಲ್ಲ. ಹೊಸ ಅಲಂಕಾರವಿರಬೇಕು ಎಂದುಕೊಂಡು ಶ್ರದ್ಧೆಯಿಂದ ಬರೆದಿಟ್ಟೆ.

ಮಂಗಳವಾರ ಚಿಕಿತ್ಸೆ ಆರಂಭವಾಯಿತು. ಮೊದಲು ಬೇಡದ ಆ್ಯಪ್‌ಗಳನ್ನೆಲ್ಲ ಅಳಿಸಿದೆ. ಆಮೇಲೆ ಪರದೆಯ ಬೆಳಕು ಎಷ್ಟು ಇಳಿಸಿದೆನೆಂದರೆ, ತಂಗಿಗೆ ಕಳಿಸಬೇಕಾದ ಯಜಮಾನರ ಪಾದದ ಫೋಟೋ ಹಾಲಿನ ಡೇರಿಯ ಗುಂಪಿಗೆ ಹೋಯಿತು! ನಲವತ್ತು ಜನ ‘ಬೇಗ ಗುಣವಾಗಲಿ’ ಎಂದರು. ಒಬ್ಬರು ಮಾತ್ರ ಯಾವ ಹಸು ಎಂದು ಕೇಳಿದರು.

ಬ್ಯಾಟರಿ ಜಗ್ಗಲಿಲ್ಲ.

ಆ ಸಂಜೆ ಅತ್ತೆಯ ಎದುರು ಕೂತು ಚೀಲದಿಂದ ಫೋನು ತೆಗೆದೆ. ಅತ್ತೆ ಕೈಯಿಂದ ಮುಖ ಮುಚ್ಚಿಕೊಂಡರು.

“ಸೀಲಾ, ಅದೇನವ್ವ ಅದು, ಫಳ್ ಅಂತ ಕಣ್ಣಿಗೆ ಒಡೀತದೆ! ಬೆಳಗ್ಗೆನೂ ನಿನ್ನ ಎದೆ ಮ್ಯಾಲೆ ಏನೋ ಮಿಣುಕ್ತಿತ್ತು ಕಣವ್ವ.”

ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಹದಿನೈದು ದಿನವಾಗಿತ್ತಷ್ಟೆ. ಆಸ್ಪತ್ರೆಯವರು ಕೊಟ್ಟ ಇಂಗ್ಲಿಷ್ ಚೀಟಿಯನ್ನು ನಾನು ಪೂರ್ತಿ ಓದಿದ್ದೆ. ಕೆಲವು ದಿನ ಬೆಳಕು ಹೊಡೆದಂತೆ ಕಾಣಬಹುದು ಎಂದು ಅದರಲ್ಲಿ ಬರೆದಿತ್ತು.

“ಅದು ನಿಮ್ಮ ಕಣ್ಣು ಅತ್ತೆ. ಹೆದರಬೇಡಿ,” ಎಂದು ಎರಡು ಹನಿ ಔಷಧಿ ಹಾಕಿ, ಕಪ್ಪು ಕನ್ನಡಕ ಏರಿಸಿ, ಮಲಗಿಸಿದೆ.

“ಕಣ್ಣಲ್ಲ ಕಣವ್ವ...”

“ಮಾತಾಡಬೇಡಿ. ಔಷಧಿ ಹೊರಗೆ ಬರುತ್ತೆ.”

ಬುಧವಾರ ನೋಟ್‌ಬುಕ್ಕನ್ನು ಹರಡಿಕೊಂಡು ಅಧ್ಯಯನ ಮಾಡಿದೆ. ಸತ್ಯ ಹೊಳೆಯಿತು! ಬ್ಯಾಟರಿ ಇಳಿಯಲು ಶುರುವಾಗುವುದು ಪ್ರತಿ ಸಲವೂ ಮುದ್ದೆಯ ಹೊತ್ತಿನಲ್ಲಿ. ಅಂದರೆ ಒಲೆಯ ಶಾಖ! ಹೊಸ ಸಾಫ್ಟ್‌ವೇರಿಗೆ ಶಾಖ ಒಗ್ಗುತ್ತಿಲ್ಲ. ಪಡಸಾಲೆಗೆ ಹೋಗಿ ಯಜಮಾನರಿಗೆ ನನ್ನ ಸಂಶೋಧನೆಯನ್ನು ಒಪ್ಪಿಸಿದೆ.

“ಹಂಗಾದ್ರೆ ಫೋನ್ ಇಲ್ಲಿ ನನ್ನ ಹತ್ರ ಇಟ್ಟು ಹೋಗು. ನಾನು ಒತ್ತೀನಿ,” ಎಂದರು.

“ನಿಮ್ಮ ಕೈಗೆ ಕೊಟ್ಟರೆ ಹಳೇ ಕುಸ್ತಿ ವಿಡಿಯೋ ನೋಡಿ ಇನ್ನೂ ಬೇಗ ಮುಗಿಸ್ತೀರಿ.”

ಆ ಒಂದು ಒಳ್ಳೆಯ ಸಲಹೆಯನ್ನು ಹೀಗೆ ಒಂದೇ ವಾಕ್ಯದಲ್ಲಿ ಕೊಂದು, ನಾನು ಚೀಲಕ್ಕೆ ಉಲ್ಲನ್ನಿನ ಎರಡನೆಯ ಪದರ ಹೆಣೆದೆ. ಒಳಗೆ ಹಳೇ ಸ್ವೆಟರಿನ ತುಂಡೂ ಸೇರಿಸಿ ಹೊಲಿದೆ. ಈಗ ಶಾಖ ಹೇಗೆ ಒಳಗೆ ಹೋಗುತ್ತದೋ ನೋಡೋಣ!

ಗುರುವಾರ ಬೆಳಿಗ್ಗೆ ಅತ್ತೆ ನನ್ನನ್ನೇ ದಿಟ್ಟಿಸಿ ನೋಡಿ, “ಇವತ್ತು ಮಿಣುಕೋದು ನಿಂತದೆ,” ಎಂದರು.

“ನೋಡಿದಿರಾ ಅತ್ತೆ? ಔಷಧಿ ಕೆಲಸ ಮಾಡಿತು!”

ಫೋನು ಮಾತ್ರ ಬೇಯಿಸಿದ ಗೆಣಸಿನ ಹಾಗೆ ಕಾದಿತ್ತು.

ಹನ್ನೊಂದಕ್ಕೆ ಪೆಟ್ಟಿಗೆಯ ಕರೆ ಬಂತು. ಒಂದು ಒತ್ತಿದೆ. ಮೋಟರು ಓಡಿತು. ಬ್ಯಾಟರಿ ಇಪ್ಪತ್ತೊಂದು. ಹನ್ನೆರಡೂವರೆಗೆ ನಿಲ್ಲಿಸಬೇಕು, ಅಲ್ಲಿಯವರೆಗೆ ಇಷ್ಟು ಸಾಕು ಎಂದುಕೊಂಡೆ. ಆದರೂ ಚಾರ್ಜಿಗೆ ಹಾಕೋಣವೆಂದರೆ ಊರಿನ ಲೈನಿನಲ್ಲಿ ಮರದ ಕೊಂಬೆ ಕಡಿಯುತ್ತಿದ್ದರು, ಮನೆಗೆ ಕರೆಂಟಿಲ್ಲ. ತೋಟದ ಲೈನು ಬೇರೆ. ಅಲ್ಲಿ ಮೋಟರು ಖುಷಿಯಾಗಿ ಓಡುತ್ತಿತ್ತು.

ಹನ್ನೆರಡಕ್ಕೆ ಎಸರು ಕುದಿಯಿತು. ಹಿಟ್ಟು ಹಾಕಿ, ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿದು, ಎರಡೂ ಕೈಯಲ್ಲಿ ಮುದ್ದೆ ಕೋಲು ಹಿಡಿದು ತೊಳಸಿದೆ. ಒಂದೂ ಗಂಟಿಲ್ಲದಂತೆ ತೊಳಸಿದೆ. ಮುದ್ದೆ ಕಟ್ಟಿ, ಕೈ ತೊಳೆದು, ಹನ್ನೆರಡೂವರೆಗೆ ಫೋನು ತೆಗೆದರೆ ಪರದೆ ಕಪ್ಪು!

“ರೀ, ಫೋನ್ ಸತ್ತುಹೋಯ್ತು!”

ಯಜಮಾನರು ಮಂಚದ ಮೇಲೆ ಎದ್ದು ಕೂತರು. “ಅಯ್ಯೋ! ಸಿಮ್ ತೆಗ್ದು ನನ್ನ ಬಟನ್ ಫೋನಿಗೆ ಹಾಕು!”

ಅವರ ಹಳೇ ಫೋನಿನ ಸಿಮ್ ಜಾಗ ಕಿಟಕಿಯಷ್ಟು, ನನ್ನ ಸಿಮ್ ಅವರೆಬೇಳೆಯಷ್ಟು. ಹಾಕಿದೆ. ಒಳಗೆ ಎಲ್ಲೋ ಜಾರಿ ಹೋಯಿತು. ಈಗ ಎರಡು ಫೋನು ಸತ್ತವು!

“ಟೆಕ್ನಿಕಲ್ ಡಿಪಾರ್ಟ್‌ಮೆಂಟ್ ಏನಂತದೆ?” ಎಂದರು ಯಜಮಾನರು.

ಟೆಕ್ನಿಕಲ್ ಡಿಪಾರ್ಟ್‌ಮೆಂಟ್ ಸೆರಗು ಸಿಕ್ಕಿಸಿ ಓಡಿತು. ಕಾನ್ವೆಂಟಿನ ಓಟದ ಸ್ಪರ್ಧೆಯಲ್ಲಿ ಕೊನೆಯವಳಾಗಿ ಬಂದವಳು ಒಂದೂವರೆ ಮೈಲಿ ಓಡಿದೆ. ಅರ್ಧ ದಾರಿಯಲ್ಲಿ ಎದುರಿಗೆ ಬಂದವರು ದಾರಿ ಬಿಟ್ಟು ನಿಂತಾಗಲೇ ನೋಡಿದ್ದು, ಹೊರಡುವ ಗಡಿಬಿಡಿಯಲ್ಲಿ ಮುದ್ದೆ ಕೋಲನ್ನೂ ಎತ್ತಿಕೊಂಡು ಬಂದಿದ್ದೆ.

ತೋಟ ಸೇರುವ ಹೊತ್ತಿಗೆ ಒಂದು ದಾಟಿತ್ತು. ಸೊಂಟದ ಬೀಗದಕೈಯಿಂದ ಪೆಟ್ಟಿಗೆಯ ಬೀಗ ತೆರೆದು, ಕೈಯಿಂದಲೇ ಮೋಟರು ಆರಿಸಿ, ಕೆಳಗೆ ನೋಡಿದೆ. ಕಣದಲ್ಲಿ ಸೀರೆ ಎತ್ತಿ ಕಟ್ಟಿದ ಜಯಕ್ಕ, ಪಾದ ಮುಳುಗುವ ನೀರಿನಲ್ಲಿ ನಿಂತು, ಗುದ್ದಲಿಯಿಂದ ಮಣ್ಣೆಳೆದು ಒಡ್ಡು ಕಟ್ಟುತ್ತಿದ್ದಳು.

“ಬಾರವ್ವ ಬಾ! ನೀರ ಮುಂದಾಗಿ ಕಳಿಸ್ಬುಟ್ಟು, ನೀನು ಹಿಂದಿಂದ ಕೋಲ್ ಇಡ್ಕಂಡ್ ಬಂದ್ಯಾ? ಒಡಿಯಕ್ಕ?”

“ಜಯಕ್ಕಾ, ಫೋನ್...”

“ಎಷ್ಟು ಕಿತ ಮಾಡ್ಲವ್ವ ಫೋನು? ಮಾಡ್ದಾಗೆಲ್ಲ ಯಾವಳೋ ಇಂಗ್ಲೀಸಲ್ಲಿ ಬಯ್ತಾಳೆ! ನಿನ್ನ ಕಾನ್ವೆಂಟ್ ಗೆಣತಿ ಏನವ್ವ ಅವಳು?”

ಮೆದೆಯ ಕೆಳಗಿನ ಎರಡು ಸಾಲು ಕಂತೆ ನೆನೆದಿತ್ತು. ಜಯಕ್ಕ ಒಂದು ತೆನೆ ಕಿತ್ತು ಅಂಗೈಯಲ್ಲಿ ಉಜ್ಜಿ ನೋಡಿದಳು. ಬಯ್ಯುವುದನ್ನು ನಿಲ್ಲಿಸಿದಳು. ಅದರಿಂದಲೇ ನನಗೆ ಹೆಚ್ಚು ಭಯವಾಯಿತು.

“ಮೊಳಕೆ ಬಂದ್ರೆ ಮುಗೀತು ಕಣವ್ವ,” ಎಂದಳು ಮೆಲ್ಲಗೆ.

ಕೋಲನ್ನು ಬೇಲಿಗೆ ಸಿಕ್ಕಿಸಿ ಕಣಕ್ಕಿಳಿದೆ. ಇಬ್ಬರೂ ಸೇರಿ ಮೇಲಿನ ಕಂತೆಗಳನ್ನು ಇಳಿಸಿ, ನೆನೆದವನ್ನು ಬಿಚ್ಚಿ, ಬಂಡೆಯ ಮೇಲೆ ಬಿಸಿಲಿಗೆ ಹರವಿದೆವು. ಸಂಜೆಯಾಯಿತು. ಶುಕ್ರವಾರವೂ ಹೋಗಿ ಮಗುಚಿ ಹಾಕಿದೆ. ಎರಡು ದಿನ ನಾನು ಹೊತ್ತು ನೋಡಿದ್ದು ಫೋನಿನಲ್ಲಲ್ಲ, ಆಕಾಶದಲ್ಲಿ. ಒಂದು ಮೋಡ ಕಂಡರೂ ಕಂತೆ ಮುಚ್ಚಲು ಟಾರ್ಪಾಲು ಎತ್ತಿಕೊಳ್ಳುತ್ತಿದ್ದೆ.

ಶನಿವಾರ ನೋಟ್‌ಬುಕ್ಕು, ಎರಡು ಫೋನು, ಚೀಲ ಎಲ್ಲವನ್ನೂ ತೆಗೆದುಕೊಂಡು ಪಿರಿಯಾಪಟ್ಟಣದ ಬಸ್‌ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಇಮ್ರಾನ್ ಭಾಯಿಯ ಅಂಗಡಿಗೆ ಹೋದೆ. ಅವರು ಮೊದಲು ಬಟನ್ ಫೋನಿನೊಳಗಿಂದ ಸಿಮ್ಮನ್ನು ಚಿಮಟದಲ್ಲಿ ಎತ್ತಿದರು. ನನ್ನ ಫೋನಿಗೆ ಏನೇನೋ ತಂತಿ ಸಿಕ್ಕಿಸಿ ನೋಡಿದರು.

“ಅಕ್ಕಾ, ಬ್ಯಾಟ್ರಿ ಫಸ್ಟ್‌ಕ್ಲಾಸ್ ಐತೆ.”

“ಸಾಧ್ಯವೇ ಇಲ್ಲ. ನನ್ನ ಹತ್ತಿರ ದಾಖಲೆ ಇದೆ,” ಎಂದು ನೋಟ್‌ಬುಕ್ಕನ್ನು ಮುಂದಿಟ್ಟೆ.

ಭಾಯಿ ಒಂದು ಪುಟ ಓದಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ಓದಿದರು. “ಈ ಬದನೆಕಾಯಿ ಯಾವ್ದಕ್ಕಾ?”

“ಅದು ಹೊಸ ಅಲಂಕಾರ.”

“ಒಂದ್ ಕೆಲ್ಸ ಮಾಡಿ. ಮನೇಲಿ ಫೋನ್ ಹೆಂಗೆ ಇಡ್ತೀರೋ ಹಂಗೇ ಇಡಿ, ಹೆಂಗೆ ಮುದ್ದೆ ಮಾಡ್ತೀರೋ ಹಂಗೇ ಮಾಡಿ ತೋರ್ಸಿ.”

ಚೀಲ ಕೊರಳಿಗೆ ಹಾಕಿಕೊಂಡೆ. ಅಂಗಡಿಯಲ್ಲಿ ನಾಲ್ಕು ಗಿರಾಕಿಗಳಿದ್ದರು. ಇಲ್ಲದ ಪಾತ್ರೆಯನ್ನು ಕಾಲಿನಿಂದ ಒತ್ತಿ, ಇಲ್ಲದ ಕೋಲನ್ನು ಎರಡೂ ಕೈಯಲ್ಲಿ ಹಿಡಿದು, ನಮ್ಮ ಮನೆತನದ ಮರ್ಯಾದೆಗೆ ಕುಂದು ಬಾರದಂತೆ ತೊಳಸಿದೆ. ಚೀಲ ಎದೆಯ ಮೇಲೆ ಜೋರಾಗಿ ಕುಣಿಯಿತು.

“ಸಾಕು ಅಕ್ಕಾ,” ಎಂದು ಭಾಯಿ ಅಂಗಡಿಯ ಲೈಟು ಆರಿಸಿದರು.

ನನ್ನ ಎದೆಯ ಮೇಲೆ, ಚೀಲದ ಹೊಲಿಗೆಯ ಸಂದಿನಿಂದ, ಕೆಂಪಗೆ ಬೆಳಕು ಸೋರುತ್ತಿತ್ತು! ಫೋನು ಹೊರತೆಗೆದರು. ಹಿಂದಿನ ಟಾರ್ಚು ಉರಿಯುತ್ತಿತ್ತು.

“ಹೊಸ ಅಪ್‌ಡೇಟಲ್ಲಿ ಬಂದೈತೆ ಅಕ್ಕಾ. ಎರಡು ಕಿತ ಕುಲುಕಿದ್ರೆ ಟಾರ್ಚ್ ಹತ್ತದೆ, ಇನ್ನೆರಡು ಕಿತ ಕುಲುಕಿದ್ರೆ ಆರ್ತದೆ. ಅದರ ಗುರ್ತೇ ಈ ಚಿತ್ರ. ಟಾರ್ಚಿಂದು. ನಿಮ್ಮ ಬ್ಯಾಟ್ರಿ ಸರಿಯಾಗೇ ಐತೆ.” ಭಾಯಿ ಗಂಭೀರವಾಗಿ ಫೋನು ವಾಪಸು ಕೊಟ್ಟರು. “ಮುದ್ದೆ ಜೋರೈತೆ.”

ಹನ್ನೊಂದನೆಯ ಅನುಕೂಲ! ಹಾಲು ಉಕ್ಕಿದಾಗ ಓದದೆ ಬಿಟ್ಟದ್ದು!

ಮನೆಗೆ ಬಂದು ನಡೆದದ್ದನ್ನು ಹೇಳಿದೆ. ಯಜಮಾನರು ನಗುವ ರಭಸಕ್ಕೆ ಕಾಲಿನ ಕೆಳಗಿನ ಎರಡೂ ದಿಂಬು ಬಿದ್ದವು. ಅತ್ತೆ ನಗಲಿಲ್ಲ. ಕಪ್ಪು ಕನ್ನಡಕ ತೆಗೆದು ಮಡಚಿಟ್ಟರು.

“ನಾನು ಮಂಗಳವಾರನೇ ಏಳ್ದೆ. ಕಣ್ಣಿಗೆ ಔಸ್ದಿ ಬುಟ್ಟು ಮಲಗ್ಸುದ್ಲು.”

ಜಯಕ್ಕನ ರಾಗಿ ಮೊಳಕೆ ಒಡೆಯಲಿಲ್ಲ. ನಾಲ್ಕು ದಿನದ ಬಿಸಿಲಿಗೆ ಗರಿಗರಿಯಾಗಿ ಒಣಗಿತು. ಒಕ್ಕಣೆಯಾದ ಮೇಲೆ ಒಂದು ಮೊರ ರಾಗಿ ನಮ್ಮ ಮನೆಗೂ ತಂದು ಕೊಟ್ಟಳು. ಜೊತೆಗೆ ಒಂದು ಷರತ್ತು: “ನಿಮ್ಮ ಮೋಟ್ರಿಗೆ ನನ್ ನಂಬ್ರೂ ಆಕವ್ವ. ನೀನು ಮುದ್ದೆ ತೊಳಸು, ನೀರ ನಾನು ನಿಲ್ಲುಸ್ಕತೀನಿ.”

ಯಜಮಾನರೂ ತಮ್ಮ ನಂಬರ್ ಬೇಕೆಂದರು. ಅವರ ಬಟನ್ ಫೋನಿನ ಬ್ಯಾಟರಿ ನಾಲ್ಕು ದಿನ ಬರುತ್ತದೆ. ಮನೆಯಲ್ಲಿ ಎಲ್ಲರಿಗಿಂತ ಕಣ್ಣು ಚೆನ್ನಾಗಿರುವವರು ಅತ್ತೆ ಎಂದು ಸಾಬೀತಾಗಿದ್ದರಿಂದ ಅವರಿಗೂ ಒಂದು ಫೋನು ಕೊಡಿಸಿ ನಂಬರು ಸೇರಿಸಲೇಬೇಕು ಎಂದಾಯಿತು. ನನ್ನದೂ ಸೇರಿ ನಾಲ್ಕು.

ಪೆಟ್ಟಿಗೆಯ ಮುಂದೆ ಕೂತು ಇಂಗ್ಲಿಷ್ ಪುಸ್ತಕ ತೆರೆದೆ. ಈ ಸಲ ಒಂದು ಅಕ್ಷರವನ್ನೂ ಬಿಡದೆ, ಮೊದಲಿಂದ ಕೊನೆಯವರೆಗೆ ಓದಿದೆ. ಕೊನೆಯ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಸ್ಪಷ್ಟವಾಗಿ ಬರೆದಿತ್ತು.

ಈ ಪೆಟ್ಟಿಗೆಗೆ ಹಿಡಿಸುವುದು ಮೂರೇ ನಂಬರು!