ಮಾವನ ಗೋಡೆಯೂ ಊರವರ ಮೂಗೂ

ನಮ್ಮ ಸೋದರಮಾವನ ಮನೆಗೆ ಹೋದರೆ ಆಗ ಕಾಫಿ ಸಿಗುತ್ತಿದ್ದುದು ಗೋಡೆ ಮೂಸಿದ ಮೇಲೆಯೇ. ನಂಬದಿದ್ದರೆ ಬೂಕನಕೆರೆಗೆ ಬಂದು ಯಾರ ಮೂಗನ್ನಾದರೂ ಕೇಳಿ!

ಆಗಿದ್ದಿಷ್ಟು. ಮಾವನ ಮಗಳು ಬಾಣಂತನಕ್ಕೆ ಬರಬೇಕು. ಅವಳಿಗೆಂದಿಟ್ಟ ಕೋಣೆಯ ಗೋಡೆಗೆ ಶೀತ ಏರಿ ಮುಗ್ಗಲು ವಾಸನೆ. ನಾಗಮಂಗಲದ ಬೀಗಿತ್ತಿ ಬಂದು ನೋಡಿ, "ಬಾಣಂತೀನ ಈ ಶೀತದಲ್ಲಿ ಮಲಗ್ಸಕ್ಕಾಗಾಕಿಲ್ಲ, ನಮ್ಮಲ್ಲೇ ಮಾಡ್ಕತೀವಿ ಬುಡಿ" ಎಂದು ಹೋದರು. ಮಾವನ ನಿದ್ದೆ ಹಾರಿತು. ತಮಾಷೆಯೆಂದರೆ, ಆ ವಾಸನೆ ಮಾವನಿಗೆ ಗೊತ್ತೇ ಆಗುವುದಿಲ್ಲ! ಕೊರೊನಾ ಜ್ವರ ಹೋಗುವಾಗ ಅವರ ಮೂಗಿನ ಶಕ್ತಿಯನ್ನೂ ಕರೆದುಕೊಂಡು ಹೋಗಿತ್ತು. ಹಾಗಾಗಿ ಊರವರ ಮೂಗು ಎರವಲು ತಂದರು.

ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೊರಟವರನ್ನೆಲ್ಲ ಕ್ಯಾನಿನ ಸಮೇತ ಒಳಗೆಳೆಯುತ್ತಿದ್ದರು. "ಬಾರ್ಲಾ, ಒಸಿ ಮೂಸ್ಬುಟ್ಟು ಹೋಗು." ಒಬ್ಬ, "ಇಲಿ ಸತ್ತದೆ ಕಣಣ್ಣ" ಅಂದ. ಇನ್ನೊಬ್ಬ, "ನೆಂದ ಗೋಣಿಚೀಲ" ಅಂದ. ಮತ್ತೊಬ್ಬ ಕಣ್ಣು ಮುಚ್ಚಿ ಉಸಿರೆಳೆದು, "ಏನೂ ಇಲ್ವಲ್ಲಣ್ಣ, ಮನೆ ವಾಸ್ನೆ ಅಷ್ಟೆಯ" ಅಂದ. ಮಾವ ಯಾರನ್ನು ನಂಬಬೇಕು? ಎಲ್ಲರನ್ನೂ ನಂಬಿದರು. ಅಟ್ಟದ ಸಾಮಾನು ಇಳಿಸಿದರು, ಚೀಲಗಳನ್ನು ಬಿಸಿಲಿಗೆ ಹಾಕಿದರು, ಸುಣ್ಣ ಬಳಿಸಿದರು, ಸಾಂಬ್ರಾಣಿ ಹೊಗೆ ಹಾಕಿ ಅತ್ತೆಯನ್ನು ಕೆಮ್ಮಿಸಿದರು. ಸುಣ್ಣ ಉಬ್ಬಿ ಉದುರಿತು. ಅಷ್ಟರಲ್ಲಿ ನನಗೂ ನನ್ನ ಮೂಗಿನ ಮೇಲೇ ಅನುಮಾನ ಬಂದಿತ್ತು.

ಗೋಡೆಯ ಆಚೆ ಕೊಟ್ಟಿಗೆ. ಗೋಡೆಗೆ ಒತ್ತಿಕೊಂಡೇ ಕಲಗಚ್ಚಿನ ತೊಟ್ಟಿ. ಅಕ್ಕಿ ತೊಳೆದ ನೀರು, ಮುಸುರೆ, ಬೂಸಾ ಎಲ್ಲ ಹಸುವಿಗೆಂದು ಅದಕ್ಕೇ. ಒಂದು ದಿನ ಹಸು ಬಾಯಿ ಹಾಕುವ ಮೊದಲೇ ತೊಟ್ಟಿ ಅರ್ಧಕ್ಕಿಳಿದದ್ದನ್ನು ಅತ್ತೆ ಕಂಡರು. "ಅಸ ಕುಡೀನಿಲ್ಲ, ಗ್ವಾಡೆ ಕುಡೀತಾ ಅದೆ ನೋಡಿ" ಅಂದರು. ತೊಟ್ಟಿ ಗೋಡೆಯ ಕಡೆಗೆ ಬಿರುಕು ಬಿಟ್ಟಿತ್ತು. ಮನೆಮನೆಯಲ್ಲೂ ಹಸು ಕಟ್ಟಿದ ಊರಿನ ಮೂಗುಗಳಿಗೆ ಕಲಗಚ್ಚೂ ಒಂದು ವಾಸನೆಯೇ?

ಮಾವ ಅವತ್ತೇ ತೊಟ್ಟಿ ಕೀಳಿಸಿದರು. ಆದರೆ ಗೋಡೆ ಒಣಗುವ ಮೊದಲೇ ಮಗಳು, ಗಂಡನ ಮನೆಯವರ ಹತ್ತಿರ ಹಟ ಮಾಡಿ, ಬಂದುಬಿಟ್ಟಳು. ಕೋಣೆಗೆ ಕಾಲಿಟ್ಟವಳ ಸೆರಗು ಮೂಗಿನ ತನಕ ಹೋಗಿ ಹಾಗೇ ಇಳಿಯಿತು.

"ನಿಜ ಹೇಳವ್ವ, ವಾಸ್ನೆ ಬತ್ತದಾ?"

"ಇಲ್ಲ ಕಣಪ್ಪ. ನಾನು ಇಲ್ಲೇ ಇರ್ತೀನಿ."

ನನ್ನ ಮೂಗಿಗೆ ಚೆನ್ನಾಗಿಯೇ ಹೊಡೆಯುತ್ತಿತ್ತು. ನಾನು ಅವಳ ಚೀಲ ಎತ್ತಿ ಒಳಗಿಟ್ಟೆ.

ಕೂಸು ಹುಟ್ಟಿ ಮನೆಗೆ ಬರುವ ಹೊತ್ತಿಗೆ ಗೋಡೆ ಒಣಗಿತ್ತು. ಎಣ್ಣೆ ನೀರು ಹಾಕಿದ ಕೂಸನ್ನು ಅತ್ತೆ ಮಾವನ ತೊಡೆಗೆ ಕೊಟ್ಟರು. ಮಾವ ಅದರ ನೆತ್ತಿಗೆ ಮೂಗಿಟ್ಟು ಉಸಿರೆಳೆದರು. ಮತ್ತೊಮ್ಮೆ ಎಳೆದರು. ಆಮೇಲೆ ನನ್ನ ಕಡೆ ತಿರುಗಿ, ಮಗಳಿಗೆ ಕೇಳಿಸದ ಹಾಗೆ, "ಕೂಸು ಎಂಗೆ ಗಮ್ಮಂತದೆ, ಹೇಳ್ಲಾ" ಅಂದರು.

ನನಗೆ ಅಳು ಬಂತು. ಬಗ್ಗಿ ಮೂಸಿ ನೋಡಿ, "ಈಗ ಕರೆದ ನೊರೆಹಾಲಿನಂಗೆ ಮಾವ" ಅಂದೆ.

"ಅಂಗಾ?" ಎಂದು ಮಾವ ಕಣ್ಣು ಮುಚ್ಚಿಕೊಂಡು ಕೂಸಿನ ನೆತ್ತಿಗೆ ಮತ್ತೆ ಮೂಗಿಟ್ಟರು.